ಥರ್ಮೋ ಮೇಡಂ ಮತ್ತು ಕಮಿಟಿ

ಹೋದ ತಿಂಗಳು ನಮ್ಮ ಮೇಡಂ ರಿಟೈರ್ ಆದರು. ಬೀಳ್ಕೊಡುಗೆ ಅಂತ ಶುರು ಮಾಡಿದರೆ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಾಲಾಗಿ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. "ಪೇಟ ಗೀಟ ತಂದ್ರೆ ನಾನು ಬರಲ್ಲ ನೋಡ್ರಿ, ಮನೇಲೇ ಇರ್ತೀನಿ" ಅಂತ ವಾರ ಮುಂಚೆಯೇ ಹೇಳಿಬಿಟ್ಟಿದ್ದರು. ಹಾಗಾಗಿ ಟೀ, ಬೋಂಡಾ, ಒಂದಿಷ್ಟು ಮಾತು, ಅಷ್ಟಕ್ಕೆ ಮುಗೀತು. ಆ ಮಾತಿನಲ್ಲಿ ನನ್ನದೂ ಸೇರಿತ್ತು. ಮೈಕ್ ಕೈಗೆ ಬಂದದ್ದೇ ಶಿಸ್ತು, ಸಮಯಪಾಲನೆ, ಮಾತೃಹೃದಯ ಅಂತ ಏನೇನೋ ಒದರಿ ಕೂತೆ. ಮೇಡಂ ಪಕ್ಕದವರ ಕಡೆ ಬಗ್ಗಿ, "ಇವರು ಯಾರ ಬಗ್ಗೆ ಹೇಳ್ತಿದಾರೆ?" ಅಂತ ಕೇಳಿದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಅವತ್ತು ಹೇಳಬೇಕಾಗಿದ್ದನ್ನ ಈಗ ಬರೀತಿದೀನಿ.

ನಮ್ಮದೊಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಸುತ್ತ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ಮಧ್ಯೆ ನಾವು. ನಾನು ಚಿಂತಾಮಣಿಯಿಂದ ಬರ್ತೀನಿ, ಮೇಡಂ ಶಿಡ್ಲಘಟ್ಟದಿಂದ ಬರ್ತಿದ್ದರು. ಅವರು ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಮೇಷ್ಟ್ರು. ಅವರ ಅಪ್ಪನದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಮನೆ. ಗೂಡು ಬೇಯಿಸೋ ಹಬೆಯಲ್ಲೇ ಬೆಳೆದ ಸಾಬರ ಹುಡುಗಿ, ಮನೆಯವರೆಲ್ಲ ಬಿ.ಎಡ್. ಮಾಡು ಅಂದಾಗ ಮೆಕ್ಯಾನಿಕಲ್ ಓದ್ತೀನಿ ಅಂತ ಹಟ ಹಿಡಿದು ಓದಿದವರು. ಆ ಕಾಲಕ್ಕೆ ಕ್ಲಾಸಿನಲ್ಲಿ ಒಬ್ಬರೇ ಹೆಣ್ಣು. "ಕಷ್ಟ ಆಗ್ಲಿಲ್ವಾ ಮೇಡಂ?" ಅಂತ ಯಾರಾದರೂ ಕೇಳಿದರೆ, "ಅವರಿಗೆ ಆಯ್ತು" ಅಂತಿದ್ದರು.

ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಚಿಂತಾಮಣಿ ಮಂಡಿಯವರ ಹತ್ತಿರ ತೆಲುಗು. ಸಿಟ್ಟು ಬಂದರೆ ಮಾತ್ರ ಮೂರೂ ನಿಂತುಹೋಗಿ ಬರೀ ಕನ್ನಡಕ ತೆಗೆದು ದುಪಟ್ಟಾದ ತುದಿಯಲ್ಲಿ ಒರೆಸುತ್ತಿದ್ದರು. ಕನ್ನಡಕ ಒರೆಸೋಕೆ ಶುರು ಮಾಡಿದರು ಅಂದರೆ ಎದುರಿಗಿದ್ದವರು ಜಾಗ ಖಾಲಿ ಮಾಡೋದು ಒಳ್ಳೇದು. ವರ್ಕ್‌ಶಾಪಿಗೆ ಇಳಿಯೋವಾಗ ದುಪಟ್ಟಾನ ಭದ್ರವಾಗಿ ಪಿನ್ ಮಾಡಿ, ಮೇಲೆ ಖಾಕಿ ಕೋಟು ಹಾಕಿ, ಗಂಡಸರ ಕಪ್ಪು ಶೂ ಮೆಟ್ಟುತ್ತಿದ್ದರು. ಹುಡುಗರನ್ನೆಲ್ಲ ಅಪ್ಪ, ಹುಡುಗಿಯರನ್ನೆಲ್ಲ ಅಮ್ಮ ಅಂತಲೇ ಕರೀತಿದ್ದರು. "ಏನಪ್ಪ, ಟೂಲ್ ಅಲ್ಲಾಡ್ತಿದೆ, ನೀನು ಫೋನ್ ನೋಡ್ತಿದೀಯ, ಯಾರಿಗೆ ಯಾರು ಕಾವಲು?" ಅಂತ ಮೆಲ್ಲಗೆ ಕೇಳಿದರೆ ಸಾಕು, ಫೋನು ಜೇಬಿಗೆ ಹೋಗ್ತಿತ್ತು.

ನನ್ನನ್ನ ಕೆಲಸಕ್ಕೆ ತಗೊಂಡಿದ್ದೂ ಅವರೇ. ಇಂಟರ್‌ವ್ಯೂನಲ್ಲಿ ನಾನು ಎಂ.ಟೆಕ್. ಮಾಡಿದ ಗತ್ತಿನಲ್ಲಿ ಒಂದರ್ಧ ಗಂಟೆ ಕೊರೆದೆ. ಎಲ್ಲ ಕೇಳಿಸಿಕೊಂಡು, "ನಿಮ್ಮ ಮನೇಲಿ ಮಿಕ್ಸಿ ಕೆಟ್ರೆ ಯಾರು ಬಿಚ್ತಾರೆ?" ಅಂದರು.

"ಅಮ್ಮ ಅಂಗಡಿಗೆ ಕಳಿಸ್ತಾರೆ ಮೇಡಂ."

"ನೀವು ಯಾಕೆ ಬಿಚ್ಚಲ್ಲ?"

"ಬಿಚ್ಚಿದ್ದೆ. ಆಮೇಲಿಂದಾನೇ ಅಂಗಡಿಗೆ ಕಳಿಸ್ತಿರೋದು."

ಅವರು ಬಾಯ್ತುಂಬ ನಕ್ಕರು. "ಸೋಮವಾರದಿಂದ ಬನ್ನಿ. ಸುಳ್ಳು ಹೇಳಲ್ಲ, ಅಷ್ಟು ಸಾಕು. ಬಿಚ್ಚೋದು ಕಲಿಸಬಹುದು."

ಇದನ್ನ ಓದಿ ಯಾರೋ ದೇವತೆ ಅಂದುಕೋಬೇಡಿ. ಹಟಮಾರಿ ಹೆಂಗಸು. ಜಂಬವೂ ಇತ್ತು, ಅದರಲ್ಲೂ ಒಂದು ವಿಷಯದ ಮೇಲೆ ವಿಪರೀತ ಜಂಬ. ಥರ್ಮೋಡೈನಮಿಕ್ಸ್ ಅನ್ನೋ ಪೇಪರು, ಅಂದರೆ ಶಾಖ ಹೇಗೆ ಕೆಲಸವಾಗುತ್ತೆ, ಎಲ್ಲಿ ಸೋರಿಹೋಗುತ್ತೆ ಅನ್ನೋ ವಿಷಯ, ಅದನ್ನ ಇನ್ಯಾರಿಗೂ ಕೊಡುತ್ತಿರಲಿಲ್ಲ. ಪ್ರತಿ ಸೆಮಿಸ್ಟರ್ ಶುರುವಾಗೋ ಮುಂಚೆ ಯಾರು ಯಾವ ಪೇಪರ್ ಅಂತ ಹಂಚೋಕೆ ಕೂತರೆ, "ಥರ್ಮೋ ನಂದು. ಉಳಿದದ್ದು ಕಿತ್ತಾಡ್ಕೊಳ್ಳಿ" ಅಂತಿದ್ದರು. ಈ ನಾಲ್ಕು ತಾಲೂಕಿನಲ್ಲಿ ತಮ್ಮ ಹಾಗೆ ಥರ್ಮೋ ಹೇಳೋರು ಇಲ್ಲ ಅಂತ ಅವರಿಗೆ ಖಾತ್ರಿಯಿತ್ತು. ಬಾಯಿ ಬಿಟ್ಟೂ ಹೇಳ್ತಿದ್ದರು.

ಅವರು ಪರೀಕ್ಷೆ ಮಾಡೋ ರೀತಿಯೇ ಬೇರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಳಿದ ಕಾಲೇಜುಗಳಲ್ಲಿ ಮಾಡೆಲ್ ಮಾಡ್ತಾರೆ, ಬಣ್ಣ ಹೊಡೀತಾರೆ, ಫೋಟೋ ತೆಗೆದು ಗಾಜಿನ ಬೀರುವಿನಲ್ಲಿ ಇಡ್ತಾರೆ. ನಮ್ಮಲ್ಲಿ ಬೀರು ಖಾಲಿ. ಮೇಡಂ ಹುಡುಗರನ್ನ ರೇಷ್ಮೆ ಬಿಚ್ಚೋರ ಮನೆಗೆ, ಟೊಮ್ಯಾಟೊ ಮಂಡಿಗೆ, ಗೌರಿಬಿದನೂರಿನ ಕಡೆ ಸಣ್ಣ ಕಾರ್ಖಾನೆಗಳಿಗೆ ಅಟ್ಟಿಬಿಡ್ತಿದ್ದರು. ಅಲ್ಲಿ ಕೆಟ್ಟದ್ದನ್ನ ಸರಿಮಾಡಬೇಕು, ಇಲ್ಲದ್ದನ್ನ ಕಟ್ಟಿಕೊಡಬೇಕು. ವೈವಾ ಕೂಡ ಅಲ್ಲೇ. ಯೂನಿವರ್ಸಿಟಿ ಕಡೆಯಿಂದ ಬಂದ ಪರೀಕ್ಷಕರು ಟೊಮ್ಯಾಟೊ ಕ್ರೇಟಿನ ಮೇಲೆ ಕೂತು ಪ್ರಶ್ನೆ ಕೇಳಬೇಕು.

ಒಂದು ವರ್ಷ ಚಿಂತಾಮಣಿ ಮಂಡಿಗೆ ಹುಡುಗರು ಟೊಮ್ಯಾಟೊ ವಿಂಗಡಿಸೋ ಯಂತ್ರ ಮಾಡಿದ್ದರು. ಪರೀಕ್ಷಕರು ನೋಡಿ ಹಿಗ್ಗಿಹೋಗಿ ಪೂರ್ತಿ ಅಂಕ ಕೊಡೋಣ ಅಂದರು. ಮೇಡಂ ಮಂಡಿ ಮಾಲೀಕರಾದ ಸಾಹೇಬರ ಕಡೆ ತಿರುಗಿದರು. ಸಾಹೇಬರು ಒಂದು ಹಣ್ಣು ತೆಗೆದು ಬೆರಳಿನಿಂದ ಒತ್ತಿ, "ಚೆನ್ನಾಗಿದೆ ಮೇಡಂ. ಆದ್ರೆ ಹಣ್ಣಿಗೆ ಏಟು ಬೀಳ್ತಿದೆ, ಸಾಯಂಕಾಲಕ್ಕೆ ಕೊಳೀತದೆ" ಅಂದರು. ಮೇಡಂ ಪರೀಕ್ಷಕರಿಗೆ, "ಸರ್, ಪೂರ್ತಿ ಅಂಕ ಸಾಹೇಬರು ಇಟ್ಕೊಂಡ್ರು. ಉಳಿದದ್ದು ನಾವು ಕೊಡಣ" ಅಂದರು. ಹುಡುಗರ ಮುಖ ಸಣ್ಣಗಾಯ್ತು. ಆದರೂ ಪರೀಕ್ಷೆ ಮುಗಿದ ಮೇಲೆ ಅದೇ ಹುಡುಗರು ಹೋಗಿ ರಬ್ಬರ್ ಹಾಸು ಹಾಕಿ ಸರಿಮಾಡಿಬಂದರು. ಅದಕ್ಕೆ ಅಂಕ ಗಿಂಕ ಏನಿಲ್ಲ.

ಈಗ ಕಮಿಟಿ ಕಥೆಗೆ ಬರ್ತೀನಿ. ಇಂಜಿನಿಯರಿಂಗ್ ಕಾಲೇಜಿನ ಪ್ರತಿ ವಿಭಾಗಕ್ಕೂ ಮಾನ್ಯತೆ ಅಂತ ಒಂದಿದೆ. ಅದನ್ನ ಕೊಡೋಕೆ ಹೊರಗಿನಿಂದ ಪ್ರೊಫೆಸರುಗಳ ಕಮಿಟಿ ಬರುತ್ತೆ. ಲ್ಯಾಬ್ ನೋಡ್ತಾರೆ, ಉತ್ತರಪತ್ರಿಕೆ ತೆಗೆಸ್ತಾರೆ, ಮೇಷ್ಟ್ರುಗಳನ್ನ ಆಚೆ ಕಳಿಸಿ ಹುಡುಗರನ್ನ ಮಾತಾಡಿಸ್ತಾರೆ. ಕೊನೇ ದಿನ ಎಲ್ಲರನ್ನೂ ಕೂರಿಸಿ ಕಂಡದ್ದು ಹೇಳಿಹೋಗ್ತಾರೆ, ತೀರ್ಪು ಆಮೇಲೆ ಬರುತ್ತೆ. ನಮ್ಮ ಮೆಕ್ಯಾನಿಕಲ್‌ಗೆ ಸೇರೋರು ವರ್ಷವರ್ಷಕ್ಕೂ ಕಮ್ಮಿಯಾಗ್ತಿದ್ದರು, ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ಆಡಳಿತ ಮಂಡಳಿ ಕಾರ್ಯದರ್ಶಿಗಳು ನಮ್ಮನ್ನ ಕರೆದು ನೇರವಾಗಿ ಹೇಳಿದರು. "ಮಾನ್ಯತೆ ಬಂದ್ರೆ ನಡೀಲಿ. ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಮೆಕ್ಯಾನಿಕಲ್‌ಗೆ ಅಡ್ಮಿಷನ್ ಇಲ್ಲ. ವರ್ಕ್‌ಶಾಪ್ ಜಾಗದಲ್ಲಿ ಕಂಪ್ಯೂಟರ್ ಲ್ಯಾಬ್ ಬರುತ್ತೆ." ಮೇಡಂ ಕಬ್ಬಿಣ ಕಡೆಯೋ ಒಂದೇ ಒಂದು ಲೇತ್ ಯಂತ್ರ ಇಟ್ಟುಕೊಂಡು ಶುರುಮಾಡಿದ ವಿಭಾಗ ಅದು. ರಿಟೈರ್ ಆಗೋಕೆ ಅವರಿಗೆ ಇನ್ನೊಂದಾರು ತಿಂಗಳಷ್ಟೇ ಇತ್ತು. ಹೊರಗೆ ಬಂದವರು ನನಗೆ, "ನಾನು ಹೋಗೋ ಮುಂಚೆ ಇದು ಹೋಗಬಾರದು ರೀ" ಅಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನ ನಾನು ಕೇಳಿರಲಿಲ್ಲ.

ಅಲ್ಲಿಂದ ಕಾಲೇಜು ಮದುವೆ ಮನೆಯಾಯ್ತು. ಸುಣ್ಣ ಬಣ್ಣ, ಹೂಕುಂಡ, ಕಂಡ ಕಂಡ ಗೋಡೆಗೆಲ್ಲ ಬೋರ್ಡು. ಪ್ರಿನ್ಸಿಪಾಲರು ಒಳ್ಳೇ ಮನುಷ್ಯ, ಆದರೆ ಕಮಿಟಿ ಅಂದರೆ ಜ್ವರ ಬರೋ ಜಾತಿ. ಹುಡುಗರನ್ನ ಸೆಮಿನಾರ್ ಹಾಲಿನಲ್ಲಿ ಕೂರಿಸಿ ರಿಹರ್ಸಲ್ ಮಾಡಿಸಿದರು. "ನಿಮ್ಮ ವಿಭಾಗದಲ್ಲಿ ಕೊರತೆ ಏನು?" ಅಂತ ಅವರು ಕೇಳಬೇಕು, "ಏನೂ ಇಲ್ಲ ಸರ್" ಅಂತ ಹುಡುಗರು ಒಟ್ಟಿಗೆ ಹೇಳಬೇಕು. ಮೇಡಂ ಹಿಂದಿನ ಸಾಲಿನಲ್ಲಿ ಕೂತು ನೋಡಿದರು.

"ಸರ್, ಇದು ಹೆಣ್ಣು ನೋಡೋಕೆ ಬಂದವರ ಮುಂದೆ ಹೇಳೋ ಮಾತು. ಅವರು ಮೇಷ್ಟ್ರುಗಳು, ನಂಬಲ್ಲ" ಅಂದರು.

"ಮತ್ತೇನು ಹೇಳ್ಲಿ ಅಂತೀರಿ ಮೇಡಂ?"

"ಗೊತ್ತಿರೋದು ಹೇಳ್ಲಿ. ಇಷ್ಟು ವರ್ಷ ಓದ್ಸಿದೀವಲ್ಲ, ಒಂದು ಮಾತು ಅವರಷ್ಟಕ್ಕೆ ಅವರು ಹೇಳೋಕಾಗಲ್ವಾ?"

ಕಮಿಟಿ ಬರೋ ದಿನ ಬೆಳಿಗ್ಗೆ ಮೇಡಂ ವರ್ಕ್‌ಶಾಪ್ ಬಾಗಿಲು ತೆಗೆಸಿದರು. ನಾನು ಹಿಂದೇನೇ ಇದ್ದೆ. ಒಳಗೆ ಕಾಲಿಟ್ಟದ್ದೇ ಬಣ್ಣದ ವಾಸನೆ ಮೂಗಿಗೆ ಹೊಡೀತು. ಲೇತುಗಳೆಲ್ಲ ಹಸಿರೋ ಹಸಿರು. ಹಿಂದಿನ ದಿನ ಪೇಂಟರ್ ಬಂದು ಎಲ್ಲಕ್ಕೂ ಬಳಿದು ಹೋಗಿದ್ದಾನೆ. ಎಲ್ಲಕ್ಕೂ ಅಂದರೆ ಎಲ್ಲಕ್ಕೂ. ಲೇತಿನ ಉದ್ದಕ್ಕೂ ಎರಡು ಉಕ್ಕಿನ ಹಳಿ ಇರುತ್ತೆ, ಅದರ ಮೇಲೇ ಟೂಲ್ ಹಿಡಿದ ಭಾಗ ಜಾರಿಕೊಂಡು ಹೋಗೋದು. ಅದಕ್ಕೆ ಎಣ್ಣೆ ಬಿಟ್ಟು ಬೇರೇನೂ ತಾಗಿಸಬಾರದು. ಅದಕ್ಕೂ ಎರಡು ಕೋಟು ಹೊಡೆದಿದ್ದ. ಹ್ಯಾಂಡಲ್ ತಿರುಗಿಸಿದರೆ ಜಪ್ಪಯ್ಯ ಅಂದರೂ ಜರುಗಲಿಲ್ಲ. ಅಳತೆ ಗೀಟುಗಳೂ ಬಣ್ಣದ ಕೆಳಗೆ ಮುಚ್ಚಿಹೋಗಿದ್ದವು.

ಪೇಂಟರನ್ನ ಕರೆಸಿದರು. ಪಾಪ, ಟ್ರಾಕ್ಟರ್ ಟ್ರೈಲರಿಗೆ, ಗೇಟಿಗೆ ಬಣ್ಣ ಹೊಡೆದು ರೂಢಿಯಿದ್ದ ಮನುಷ್ಯ. "ಅನ್ನಿಟಿಕೀ ಕೊಟ್ಟಮನ್ನಾರಮ್ಮ" ಅಂದ, ಎಲ್ಲಕ್ಕೂ ಹೊಡಿ ಅಂತ ಹೇಳಿದ್ದರಂತೆ. ಹೇಳಿದ್ದು ಪ್ರಿನ್ಸಿಪಾಲರು. ಅವರು ಅಲ್ಲೇ ತಲೆ ಮೇಲೆ ಕೈ ಹೊತ್ತು ನಿಂತಿದ್ದರು.

"ಮೇಡಂ, ಬೀಗ ಹಾಕಿಬಿಡಣ. ರಿಪೇರಿ ಅಂತ ಬೋರ್ಡ್ ಹಾಕ್ತೀನಿ. ಬೇರೆ ಲ್ಯಾಬ್ ತೋರ್ಸಿ ಕಳಿಸಣ."

ನಾನೂ ಹೂಂಗುಟ್ಟಿದೆ. ಮೇಡಂ ಕನ್ನಡಕ ಒರೆಸಿದರು. "ಥಿನ್ನರ್ ತರ್ಸಿ. ಹಳೇ ಬಟ್ಟೆ ತರ್ಸಿ. ಫೈನಲ್ ಇಯರ್‌ನವರನ್ನ ಕರೀರಿ" ಅಂದರು.

ಕಮಿಟಿ ಒಳಗೆ ಬಂದಾಗ ನಾವೆಲ್ಲ ಲೇತುಗಳ ಮೇಲೆ ಬಗ್ಗಿ ಕೆರೀತಿದ್ದೆವು. ಹುಡುಗರು, ಹುಡುಗಿಯರು, ನಾನು, ಇಸ್ತ್ರಿ ಮಾಡಿದ ನನ್ನ ಹೊಸ ಶರಟು, ಎಲ್ಲ ಹಸಿರು. ಕಮಿಟಿ ಅಧ್ಯಕ್ಷರು ಉತ್ತರದ ಕಡೆಯ ಹಿರಿಯ ಪ್ರೊಫೆಸರು. ಇಂಗ್ಲಿಷಿನಲ್ಲಿ ಇದೇನು ನಡೀತಿದೆ ಅಂತ ಕೇಳಿದರು. ಮೇಡಂ ಬಟ್ಟೆ ಕೆಳಗಿಟ್ಟು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು: ನೀವು ಬರ್ತೀರಂತ ಬಣ್ಣ ಹೊಡೆಸಿದೆವು ಸರ್, ಹೊಡೀಬಾರದ ಕಡೆಯೂ ಬಿದ್ದಿದೆ, ತೆಗೀತಿದೀವಿ. ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಒಬ್ಬ ಹುಡುಗನ ಪಕ್ಕ ಹೋಗಿ, ಇಲ್ಲಿ ಯಾಕೆ ಬಣ್ಣ ಇರಬಾರದು ಅಂತ ಕೇಳಿದರು. ಅವನು ಕೆರೆಯೋದು ನಿಲ್ಲಿಸದೆ ಹೇಳಿದ. ಮುಂದಿನ ಲೇತಿನ ಹುಡುಗಿ, ಅವನು ಬಿಟ್ಟದ್ದನ್ನ ಸೇರಿಸಿದಳು. ಅಧ್ಯಕ್ಷರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಒಂದು ಗಂಟೆ ಅಲ್ಲೇ ಸುತ್ತಾಡಿದರು. ನನಗೆ ಹೋದ ಜೀವ ಬಂದ ಹಾಗಾಯ್ತು.

ಮಾರನೇ ದಿನ ಹುಡುಗರನ್ನ ಒಳಗೆ ಕರೆದು ನಮ್ಮನ್ನ ಆಚೆ ಹಾಕಿ ಬಾಗಿಲು ಹಾಕಿಕೊಂಡರು. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಶತಪಥ ತಿರುಗಿದರು. ಮೇಡಂ ಡಬ್ಬಿ ತೆಗೆದು ಊಟ ಮಾಡಿದರು.

ಕೊನೇ ದಿನ ಸಭೆ. ಒಂದು ಕಡೆ ಕಮಿಟಿ, ಎದುರಿಗೆ ಕಾರ್ಯದರ್ಶಿಗಳು, ಪ್ರಿನ್ಸಿಪಾಲರು, ನಾವು. ಅಧ್ಯಕ್ಷರು ವರ್ಕ್‌ಶಾಪ್ ಬಗ್ಗೆ, ಮಂಡಿಯಲ್ಲಿ ನಡೆಯೋ ವೈವಾ ಬಗ್ಗೆ ಮನಸ್ಸು ತುಂಬಿ ಹೇಳಿದರು. ಕಾರ್ಯದರ್ಶಿಗಳ ಮುಖ ಅರಳಿತು. ಆಮೇಲೆ ಅವರು, "ಒಂದು ಗಂಭೀರ ದೂರು ಇದೆ" ಅಂದರು. "ಥರ್ಮೋಡೈನಮಿಕ್ಸ್ ಅರ್ಥವೇ ಆಗೋದಿಲ್ಲ, ತುಂಬ ಜೋರಾಗಿ ಓಡಿಸ್ತಾರೆ, ಕೇಳೋಕೆ ಭಯ ಆಗುತ್ತೆ ಅಂತ ಒಬ್ಬ ವಿದ್ಯಾರ್ಥಿನಿ ಹೇಳಿದಳು. ಉಳಿದವರೂ ಹೌದು ಅಂದರು. ನಾವು ಉತ್ತರಪತ್ರಿಕೆ ತೆಗೆಸಿ ನೋಡಿದೆವು, ಅವರು ಹೇಳಿದ್ದು ನಿಜ. ಆ ಪೇಪರ್ ತಗೊಳ್ಳೋರು ಯಾರು?"

ಪ್ರಿನ್ಸಿಪಾಲರು ತಡಮಾಡಲಿಲ್ಲ. "ಅದು ಗೆಸ್ಟ್ ಲೆಕ್ಚರರ್ ಸರ್. ಅವರನ್ನ ಆಗಲೇ ತೆಗೆದಿದೀವಿ" ಅಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಷ್ಟು ಸಲೀಸಾಗಿ ಬಂತು ಅಂದರೆ, ಒಂದು ಗಳಿಗೆ ನಾನೇ ನಂಬಿದೆ. ಅಧ್ಯಕ್ಷರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗೋದರಲ್ಲಿದ್ದರು. ಎಲ್ಲ ಮುಗೀತು, ಬಚಾವಾದೆವು ಅಂತ ನಾನು ಉಸಿರು ಬಿಟ್ಟೆ.

ಮೇಡಂ ಎದ್ದು ನಿಂತರು. "ಥರ್ಮೋ ತಗೊಳ್ಳೋದು ನಾನೇ ಸರ್. ಗೆಸ್ಟ್ ಯಾರೂ ಇಲ್ಲ" ಅಂದರು.

ಕಾರ್ಯದರ್ಶಿಗಳು ಪ್ರಿನ್ಸಿಪಾಲರ ಕಡೆ ನೋಡಿದ ನೋಟ ನಾನು ಈ ಜನ್ಮದಲ್ಲಿ ಮರೆಯಲ್ಲ.

"ಎಷ್ಟು ಕಾಲದಿಂದ?" ಅಂದರು ಅಧ್ಯಕ್ಷರು.

"ವಿಭಾಗ ಶುರುವಾದಾಗಿನಿಂದ."

"ಮುಂಚೆ ಯಾರಾದರೂ ಹೀಗಂತ ಹೇಳಿದ್ದರಾ?"

"ಇಲ್ಲ ಸರ್. ಇವತ್ತೇ ಗೊತ್ತಾಗಿದ್ದು."

"ಏನು ಮಾಡ್ತೀರಿ?"

"ನಾಳೆ ಬೆಳಿಗ್ಗೆ ಕ್ಲಾಸಿದೆ" ಅಂದು ಕೂತರು.

ಕಮಿಟಿ ಹೊರಟ ಮೇಲೆ ನಾನು ಅವರ ರೂಮಿಗೆ ನುಗ್ಗಿದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು. "ಒಂದೇ ಒಂದು ನಿಮಿಷ ಸುಮ್ನಿದ್ದಿದ್ರೆ ಆಗ್ತಿತ್ತು ಮೇಡಂ. ನೀವು ಮನೆಗೆ ಹೋಗ್ತೀರಿ, ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ" ಅಂದೆ.

ಅವರು ಕನ್ನಡಕ ಒರೆಸಲಿಲ್ಲ. ಕಣ್ಣು ಕೆಂಪಗಿತ್ತು. "ಸುಮ್ನಿದ್ದಿದ್ರೆ ಆ ಹುಡುಗಿ ಹೇಳಿದ್ದು ದಂಡ ಆಗ್ತಿತ್ತಲ್ರೀ. ಧೈರ್ಯ ಮಾಡಿ ಒಂದು ಮಾತು ಹೇಳಿದಾಳೆ, ಅದನ್ನ ಯಾರೋ ಇಲ್ಲದವನ ತಲೆಗೆ ಕಟ್ಟೋದಾ?" ಅಂದರು. ಆಮೇಲೆ, "ನಂಗೆ ತುಂಬ ಬೇಜಾರಾಗಿದೆ ಕಣ್ರಿ. ಥರ್ಮೋ ಚೆನ್ನಾಗಿ ಹೇಳ್ತೀನಿ ಅಂದ್ಕೊಂಡಿದ್ದೆ. ಜೋರಾಗಿ ಓಡಿಸ್ತೀನಿ ಅಂತ ನಿಮ್ಗೆ ಗೊತ್ತಿತ್ತಾ?" ಅಂತ ಕೇಳಿದರು.

"ಇಡೀ ಕಾಲೇಜಿಗೆ ಗೊತ್ತಿತ್ತು ಮೇಡಂ."

"ಒಳ್ಳೇ ಕಾಲೇಜು" ಅಂದರು.

ಅವರನ್ನ ಬಸ್ ಹತ್ತಿಸಿ ನಾನು ಮನೆಗೆ ಹೋದೆ. ಸಿಟ್ಟು ಇಳಿದಿರಲಿಲ್ಲ. ಬೇರೆ ಕಾಲೇಜಿನಲ್ಲಿ ಕೆಲಸ ಇದೆಯಾ ಅಂತ ಇಬ್ಬರು ಗೆಳೆಯರಿಗೆ ಫೋನ್ ಕೂಡ ಮಾಡಿದೆ.

ಮಾರನೇ ದಿನ ಅವರ ಕ್ಲಾಸಿನ ಪಕ್ಕದ ರೂಮಿನಲ್ಲಿ ನನಗೆ ಪಾಠವಿತ್ತು. ನಡುವೆ ಇದ್ದದ್ದು ಪ್ಲೈವುಡ್ ಗೋಡೆ, ಅಲ್ಲಿ ಆಡಿದ ಮಾತೆಲ್ಲ ಇಲ್ಲಿ ಕೇಳುತ್ತೆ. ನನ್ನ ಹುಡುಗರೂ ಪೆನ್ನು ಕೆಳಗಿಟ್ಟು ಅತ್ತಲೇ ಕಿವಿ ಕೊಟ್ಟರು. ದೂರು ಹೇಳಿದ್ದು ಯಾರು ಅಂತ ಮೇಡಂ ಕೇಳಲಿಲ್ಲ. ಅವಳಾಗಿಯೇ ಎದ್ದಿರಬೇಕು, "ನಾನೇ ಮೇಡಂ ಹೇಳಿದ್ದು" ಅನ್ನೋ ಸಣ್ಣ ದನಿ ಕೇಳಿಸಿತು. ದಿಬ್ಬೂರಹಳ್ಳಿಯ ಹುಡುಗಿ, ಮನೆಯಲ್ಲಿ ರೇಷ್ಮೆ ಹುಳು ಸಾಕ್ತಾರೆ. ಹಿಂದಿನ ಬೆಂಚು ಬಿಟ್ಟು ಮುಂದೆ ಬಂದವಳೇ ಅಲ್ಲ.

"ಎಲ್ಲಿಂದ ತಪ್ಪಿಹೋಯ್ತಮ್ಮ?"

"ಎಂಟ್ರೋಪಿಯಿಂದ ಮೇಡಂ."

"ಅದಕ್ಕೆ ಮುಂಚಿನದು ಗೊತ್ತಾ?"

"ಅರ್ಧಂಬರ್ಧ."

"ಬೋರ್ಡಿನ ಹತ್ರ ಬಾ. ಸೀಮೆಸುಣ್ಣ ತಗೋ. ನಿಂಗೆ ಎಲ್ಲೀವರೆಗೆ ಗೊತ್ತೋ ಅಲ್ಲೀವರೆಗೆ ನೀನು ಹೇಳು, ನಿಂತ ಕಡೆಯಿಂದ ನಾನು ಹೇಳ್ತೀನಿ. ನಿನ್ನ ಜಾಗದಲ್ಲಿ ನಾನು ಕೂತ್ಕೋತೀನಿ."

ಬೆಂಚು ಎಳೆದ ಸದ್ದು. ಹುಡುಗಿ ಮೂರು ವಾಕ್ಯ ಹೇಳಿ ನಿಂತಳು. ಮೇಡಂ ಗೂಡು ಬೇಯಿಸೋ ಬಾಣಲೆ ನೋಡಿದೀಯಾ ಅಂತ ಕೇಳಿದರು, ನೋಡಿದೀನಿ ಅಂದಳು. ಬೆಂಕಿ ಆರಿಸಿದ ಮೇಲೆ ಅದರ ಬಿಸಿ ಎಲ್ಲಿಗೆ ಹೋಗುತ್ತೆ, ವಾಪಸ್ ಬರುತ್ತಾ ಅಂತ ಅಲ್ಲಿಂದ ಎಂಟ್ರೋಪಿ ಶುರುಮಾಡಿದರು. ಅವತ್ತಿಂದ ಅವರ ಕ್ಲಾಸು ಹಾಗೇ ನಡೀತು. ದಿನಕ್ಕೊಬ್ಬರು ಬೋರ್ಡಿಗೆ, ಮೇಡಂ ಅವರ ಬೆಂಚಿಗೆ. ಪಾಠ ಆಮೆ ಥರ ಹೋಗ್ತಿತ್ತು, ಸಿಲಬಸ್ ಮುಗಿಸೋಕೆ ಶನಿವಾರ ಮಧ್ಯಾಹ್ನಗಳೂ ಬೇಕಾದವು. ಅವರ ಮಾತಿನ ಓಟ ಪೂರ್ತಿ ನಿಂತಿತು ಅಂತ ನಾನು ಹೇಳಲ್ಲ. ಮಧ್ಯೆ ಮಧ್ಯೆ ಬಂಡಿ ಓಡಿಬಿಡೋದು, ಆಗ ಯಾರಾದರೂ "ಮೇಡಂ" ಅಂತ ಕೂಗಿದರೆ "ಸರಿಯಪ್ಪ, ನಿಲ್ಸಿದೆ" ಅನ್ನೋರು.

ಅಷ್ಟು ದಿನವೂ ಕಾರ್ಯದರ್ಶಿಗಳು ನಮ್ಮ ಕಡೆ ತಿರುಗಿ ನೋಡಲಿಲ್ಲ. ಕಂಪ್ಯೂಟರ್ ಲ್ಯಾಬಿಗೆ ಅಂತ ಯಾರೋ ಬಂದು ವರ್ಕ್‌ಶಾಪಿನ ಗೋಡೆ ಅಳೆದುಕೊಂಡೂ ಹೋದರು. ಮೇಡಂ ಆ ಟೇಪು ಹಿಡಿದವರಿಗೆ ಟೀ ತರಿಸಿಕೊಟ್ಟರು.

ತೀರ್ಪು ಬಂದದ್ದು ಅವರು ರಿಟೈರ್ ಆಗೋದಕ್ಕೆ ಕೆಲವು ವಾರ ಮುಂಚೆ. ಪ್ರಿನ್ಸಿಪಾಲರು ಫೋನು ಹಿಡಿದು ಓಡುತ್ತಲೇ ಬಂದರು, ದಾರಿಯಲ್ಲಿ ಸಿಕ್ಕ ನನ್ನ ಕೈ ಹಿಡಿದು ಎಳೆದರು. ಮಾನ್ಯತೆ ಸಿಕ್ಕಿದೆ, ಮೆಕ್ಯಾನಿಕಲ್ ಉಳೀತು. ಇಬ್ಬರೂ ಏದುಸಿರು ಬಿಡುತ್ತಾ ಮೇಡಂ ಕ್ಲಾಸಿನ ಬಾಗಿಲಿಗೆ ಹೋಗಿ ನಿಂತೆವು. ಬೋರ್ಡಿನ ಹತ್ತಿರ ಅದೇ ದಿಬ್ಬೂರಹಳ್ಳಿ ಹುಡುಗಿ, ಬರೀತಾ ಬರೀತಾ ಕೈ ನಿಲ್ಲಿಸಿ ಯೋಚನೆ ಮಾಡ್ತಿದ್ದಳು.

"ಮೇಡಂ, ಬಂತು. ಸಿಕ್ತು ನಮಗೆ" ಅಂದರು ಪ್ರಿನ್ಸಿಪಾಲರು.

ಮೇಡಂ ನಮ್ಮ ಕಡೆ ತಿರುಗಲಿಲ್ಲ. ಕೂತಲ್ಲಿಂದಲೇ ಕೈ ಎತ್ತಿ, "ಒಂದ್ನಿಮಿಷ ಇರಿ ಸರ್. ಇವಳಿಗೆ ಈಗ ಅರ್ಥ ಆಗ್ತಿದೆ" ಅಂದರು.